ಸಹಿ ಅವಳದು, ನಿರ್ಧಾರ ಯಾರದು?



ಚಿಕ್ಕ ವಯಸ್ಸಿನಲ್ಲಿ ತಾಯ್ತನದ ಬಗ್ಗೆ ಆದ ಒಂದು ತೀರ್ಮಾನ ಹೆಣ್ಣಿನ ಮುಂದಿನ ದಾರಿಯನ್ನು ಹೇಗೆ ಕಟ್ಟಿಹಾಕುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ಇಟಿಕ್ಯಾಲದಂಥ ಊರುಗಳ ಪಂಚಾಯ್ತಿಯನ್ನು ನೋಡಿದರೆ ಸಾಕು.

1994ರ ಆಂಧ್ರಪ್ರದೇಶ ಪಂಚಾಯತ್ ರಾಜ್ ಕಾಯ್ದೆ ಹೆಂಗಸರಿಗೆ ಮೂರರಲ್ಲಿ ಒಂದು ಪಾಲು ಸ್ಥಾನ ಮೀಸಲಿಟ್ಟಿತು. ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳಿತು: ಜಾರಿಯಾಗಿ ಒಂದು ವರ್ಷ ಕಳೆದ ಮೇಲೆ ಮೂರನೆಯ ಮಗು ಹುಟ್ಟಿದರೆ ತಂದೆತಾಯಿ ಚುನಾವಣೆಗೆ ನಿಲ್ಲುವಂತಿಲ್ಲ. 2018ರ ತೆಲಂಗಾಣ ಕಾಯ್ದೆಯಲ್ಲಿ ಹೆಂಗಸರ ಪಾಲು ಅರ್ಧ. ಆದರೂ ಆ ನಿಯಮ ಹಾಗೆಯೇ ಉಳಿಯಿತು.

ನಿಯಮ ಗಂಡಸಿಗೂ ಒಂದೇ, ನಿಜ. ಆದರೆ ಮನೆಯೊಳಗೆ ಇಬ್ಬರ ಮಾತಿಗೂ ಒಂದೇ ಬೆಲೆಯೆ? ಎರಡು ಹೆಣ್ಣು ಹುಟ್ಟಿದ ಮೇಲೆ "ಒಂದು ಗಂಡಾಗಲಿ" ಎನ್ನುವವರು ಅತ್ತೆ, ಮಾವ, ನೆರೆಮನೆಯವರು. ಆಗ ಸೊಸೆಗೆ ಇಪ್ಪತ್ತೋ ಇಪ್ಪತ್ತೊಂದೋ. ಮುಂದೆ ಅವಳೇ ಮಹಿಳಾ ಸಂಘದ ಲೆಕ್ಕ ಬರೆದು, ಸಾಲದ ಕಂತು ಕಟ್ಟಿ, ನಾಲ್ಕು ಜನರೆದುರು ಮಾತನಾಡಲು ಕಲಿತು, ಸರ್ಪಂಚ್ ಆಗಬೇಕೆಂದರೆ ಮೂರನೆಯ ಮಗುವಿನ ಲೆಕ್ಕ ಅಡ್ಡ ಬರುತ್ತಿತ್ತು.

ಹರಿಯಾಣದ ಇಂಥದೇ ನಿಯಮವನ್ನು ಸುಪ್ರೀಂ ಕೋರ್ಟು 2003ರಲ್ಲಿ ಎತ್ತಿಹಿಡಿಯಿತು. ಜಾಗೃತಿ ಮೂಡುತ್ತಿರುವಾಗ, ಬೇಡದ ಮೂರನೆಯ ಮಗುವನ್ನು ಹೆರಲೇಬೇಕಾದಷ್ಟು ಅಸಹಾಯಕರಲ್ಲ ನಮ್ಮ ಹೆಂಗಸರು ಎಂಬುದು ಆಗಿನ ಅಭಿಪ್ರಾಯ. ನಾನು ಕಾನೂನು ಓದಿದವಳಲ್ಲ, ಮೆಟ್ರಿಕ್ ಪಾಸಾದವಳು. ಆದರೆ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದಾಗ ನನಗೂ ಒಂದು ಕಾಗದ ಬಂದಿತ್ತು. ಅಧಿಕಾರಿಯಾಗಿ ಬಡ್ತಿ, ಜೊತೆಗೆ ದೂರದ ಊರಿಗೆ ವರ್ಗ. ಮಗುವಿಗೆ ಆಗ ಎರಡು ವರ್ಷ. ಬೇಡವೆಂದು ಬರೆದುಕೊಟ್ಟೆ. "ಅವಳೇ ಬೇಡವೆಂದಳು" ಎಂದರು ಎಲ್ಲರೂ. ಸಹಿ ನನ್ನದೇ. ಆದರೆ "ಆರು ತಿಂಗಳು ಮಗುವನ್ನು ನಾವು ನೋಡಿಕೊಳ್ಳುತ್ತೇವೆ, ಹೋಗಿ ಬಾ" ಎಂದು ಮನೆಯಲ್ಲಿ ಒಬ್ಬರೂ ಹೇಳಿರಲಿಲ್ಲ. ಮಗುವನ್ನು ಸಾಕಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂಬುದೊಂದೇ ಉಳಿದಿದೆ.

2025ರಲ್ಲಿ ತೆಲಂಗಾಣ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಇಬ್ಬರು ಮಕ್ಕಳ ನಿಯಮವನ್ನು ತೆಗೆದುಹಾಕಿತು. ಆ ಡಿಸೆಂಬರಿನಲ್ಲೇ ಗ್ರಾಮ ಪಂಚಾಯ್ತಿ ಚುನಾವಣೆಗಳೂ ನಡೆದವು. ಸಂತೋಷ. ಆದರೆ 1997ರಲ್ಲಿ, ತನ್ನ 20ನೆಯ ವಯಸ್ಸಿನಲ್ಲಿ ಮೂರನೆಯದನ್ನು ಹೆತ್ತವಳಿಗೆ 2025ರಲ್ಲಿ 48. ಕಾನೂನನ್ನು ತಿದ್ದಬಹುದು, ಕಳೆದ 28 ವರ್ಷಗಳನ್ನು ತಿರುಗಿ ಕೊಡಲಾಗದು.

ಆದ್ದರಿಂದ ತಾಯಂದಿರೇ, ಅಣ್ಣಂದಿರೇ, ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ ಇಂಥ ಗಳಿಗೆ ಬರುತ್ತದೆ. ಇನ್ನೊಂದು ಮಗು ಬೇಕೋ ಬೇಡವೋ, ಕೆಲಸಕ್ಕೆ ಹೋಗಬೇಕೋ ಬಿಡಬೇಕೋ ಎಂಬ ಮಾತು ಬಂದಾಗ ಮೊದಲು ಮಗಳನ್ನು, ಸೊಸೆಯನ್ನು ಕೇಳಿ. ತೆಲುಗಿನಲ್ಲಾದರೂ ಕೇಳಿ, ಕನ್ನಡದಲ್ಲಾದರೂ ಕೇಳಿ. ಅವಳು ಹೇಳಿ ಮುಗಿಸುವ ತನಕ ಸುಮ್ಮನೆ ಕುಳಿತು ಆಲಿಸಿ. ಆಮೇಲೆ ಅವಳು ಹಾಕುವ ಸಹಿ ನಿಜವಾಗಿ ಅವಳದಾಗುತ್ತದೆ.