ಪುಟ್ಟ ಡ್ರ್ಯಾಗನ್ ನಮ್ಮ ಹತ್ರ ಯಾಕೆ ಉಳಿಯುತ್ತೆ?

ಭುಜದ ಮೇಲೆ ಕೂರೋ ಪುಟ್ಟ ಡ್ರ್ಯಾಗನ್ ಒಂದು ಇದ್ದಿದ್ರೆ ಅಂತ ಅನ್ಸಿದ್ಯಾ? ಲೇಖಕಿ ಆನ್ ಮೆಕ್ಯಾಫ್ರಿ ‘ಪರ್ನ್’ ಅನ್ನೋ ಕಾಲ್ಪನಿಕ ಗ್ರಹದ ಕಾದಂಬರಿಗಳಲ್ಲಿ ಇಂಥದ್ದೇ ಜೀವಿಯನ್ನು ಸೃಷ್ಟಿಸಿದ್ರು. ಹೆಸರು ಫೈರ್ ಲಿಜರ್ಡ್.

ಇವುಗಳ ಬಯಾಲಜಿ ಮಜವಾಗಿದೆ. ಬಣ್ಣ ಐದು: ಚಿನ್ನ, ಕಂಚು, ಕಂದು, ನೀಲಿ, ಹಸಿರು. ಚಿನ್ನ ಮತ್ತು ಹಸಿರು ಹೆಣ್ಣು, ಉಳಿದವು ಗಂಡು. ಕಡಲದಂಡೆಯ ಬಿಸಿ ಮರಳಲ್ಲಿ ಮೊಟ್ಟೆ. ಒಂದು ಬಗೆಯ ಕಲ್ಲು ಅಗಿದ್ರೆ ಬಾಯಿಂದ ಬೆಂಕಿ. ಹೆದರಿದ್ರೆ ಕಣ್ಮುಚ್ಚಿ ತೆರೆಯೋದ್ರೊಳಗೆ ಮಾಯ, ಇನ್ನೆಲ್ಲೋ ಪ್ರತ್ಯಕ್ಷ! ಅಂದ್ರೆ ಪಂಜರ, ಸರಪಳಿ ಯಾವುದೂ ಇದನ್ನ ಹಿಡಿದಿಡಲ್ಲ.

ಮತ್ತೆ ಮನುಷ್ಯರ ಜೊತೆ ಯಾಕಿರುತ್ತೆ? ಮೊಟ್ಟೆ ಒಡೆದು ಬಂದ ಮರಿಗೆ ವಿಪರೀತ ಹಸಿವು. ಆಗ ಯಾರು ತಿನ್ನಿಸ್ತಾರೋ ಅವರನ್ನೇ ಹಚ್ಚಿಕೊಳ್ಳುತ್ತೆ. 1976ರ ‘ಡ್ರ್ಯಾಗನ್‌ಸಾಂಗ್’ನಲ್ಲಿ ಮೆನೊಲ್ಲಿ ಅನ್ನೋ ಹುಡುಗಿಗೆ ಹೀಗೇ ಒಂಬತ್ತು ಮರಿ ಜೊತೆಯಾದವು. ಅವಳು ಹಾಡಿದ್ರೆ ಅವೂ ದನಿಗೂಡಿಸ್ತವೆ.

ಊಟ ಬರೀ ಶುರು ಅಷ್ಟೆ. ಆಮೇಲೆ ಅದು ನಮ್ಮ ಮನಸ್ಸನ್ನೇ ಗ್ರಹಿಸುತ್ತೆ. ನಾವು ಕಸಿವಿಸಿಗೊಂಡ್ರೆ ಅದೂ ಚಡಪಡಿಸುತ್ತೆ. ಅಂದ್ರೆ ಅದನ್ನ ಸಾಕೋದು ಅಂದ್ರೆ ನಮ್ಮ ಸಿಟ್ಟನ್ನೂ ಹತೋಟಿಯಲ್ಲಿ ಇಟ್ಕೊಳ್ಳೋದು.

ನಾನು ಬಿ.ಕಾಂ. ಓದಿದವನು. ನಮ್ಮ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದದ್ದೆಲ್ಲ ಆಸ್ತಿ. ಫೈರ್ ಲಿಜರ್ಡ್ ಆ ಕಾಲಂಗೆ ಬರಲ್ಲ. ಅದು ದಿನಾ ನಮ್ಮನ್ನ ಒಪ್ಪಿಕೊಂಡು ಇರುತ್ತೆ. ಮನೆಯ ಲವ್ ಬರ್ಡ್ಸ್‌ಗೆ, ಅಕ್ವೇರಿಯಂ ಮೀನಿಗೆ ಆ ಅವಕಾಶ ಇಲ್ಲ. ಹಾಗಾಗಿ ರೀಲ್ಸ್ ನೋಡಿ ಇಗ್ವಾನಾ ತರೋ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಇದಕ್ಕೂ ಮಾಯವಾಗೋಕೆ ಬರ್ತಿದ್ರೆ, ನಾಳೆ ಬೆಳಗ್ಗೆ ನನ್ನ ಹತ್ರ ಇರ್ತಿತ್ತಾ?