ಮೂತ್ರಪಿಂಡಕ್ಕೂ ಲಕ್ವಕ್ಕೂ ಏನು ನಂಟು?

ಗೊಬ್ಬರ, ಬಿತ್ತನೆ ಬೀಜದ ಮಾತಾಡುವವನು ಇವತ್ತು ಮೂತ್ರಪಿಂಡದ ಮಾತೆತ್ತಿದನಲ್ಲಾ ಎನ್ನಬೇಡಿ. ನಾನು ವೈದ್ಯನಲ್ಲ, ನಿಮ್ಮ ಬೇಸಾಯದ ಅಧಿಕಾರಿಯೇ. ಆದರೆ ಹೋದ ವರ್ಷ ನಮ್ಮ ಸೋದರಮಾವನವರಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹಾಲು ಕರೆಯಲು ಕೂತವರ ಬಲಗೈಯಿಂದ ತಂಬಿಗೆ ಜಾರಿತು. "ಏನಾಯ್ತು ಮಾವ?" ಅಂದರೆ ಮಾತು ತೊದಲು. ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದರು. ಮಿದುಳಿನ ಆಳದಲ್ಲಿ ಕಡಲೆಕಾಳಿನಷ್ಟು ಜಾಗ ರಕ್ತವಿಲ್ಲದೆ ಸತ್ತಿತ್ತು. ಜೊತೆಗೆ ಮೂತ್ರವನ್ನೂ ಪರೀಕ್ಷೆಗೆ ಕಳಿಸಿದರು. "ತಲೆಗೆ ಬಂದ ಕಾಯಿಲೆಗೆ ಮೂತ್ರ ಯಾಕೆ ನೋಡ್ತೀರಿ ಡಾಕ್ಟ್ರೇ?" ಎಂದು ಅತ್ತೆ ಕೇಳಿಯೇ ಬಿಟ್ಟರು.

ಡಾಕ್ಟರು ಹೇಳಿದ್ದನ್ನು ನಮ್ಮ ಹೊಲದ ಭಾಷೆಯಲ್ಲಿ ಹೇಳುತ್ತೇನೆ. ದೊಡ್ಡ ಕಾಲುವೆಯಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ, ಹೀಗೆ ಕವಲೊಡೆಯುತ್ತಾ ಬಂದರೆ ನೀರಿನ ರಭಸ ತಗ್ಗುತ್ತದೆ. ಅದು ಬಿಟ್ಟು ದೊಡ್ಡ ಕಾಲುವೆಯ ಏರಿಗೇ ಸಣ್ಣ ತೂಬು ಕೊರೆದರೆ? ರಭಸವೆಲ್ಲ ಆ ತೂಬಿನ ಮೇಲೆಯೇ. ಹೀಗೆ ದೊಡ್ಡ ರಕ್ತನಾಳಕ್ಕೆ ನೇರವಾಗಿ ತಗುಲಿಕೊಂಡ ಕೂದಲೆಳೆಯಂಥ ನಾಳಗಳು ಮಿದುಳಿನ ಆಳದಲ್ಲೂ ಇವೆ, ಮೂತ್ರಪಿಂಡದಲ್ಲೂ ಇವೆ. ರಕ್ತದೊತ್ತಡ ಏರಿದರೆ, ಸಕ್ಕರೆ ಕಾಯಿಲೆಯೂ ಸೇರಿಕೊಂಡರೆ, ಎರಡು ಕಡೆಯೂ ಅವುಗಳ ಗೋಡೆ ದಪ್ಪವಾಗಿ ಒಳದಾರಿ ಕಿರಿದಾಗುತ್ತದೆ. ಅಲ್ಲಿ ಮೂತ್ರಪಿಂಡದ ಜರಡಿ ಕೆಟ್ಟು ಅಲ್ಬುಮಿನ್ ಎಂಬ ಸಾರ ಮೂತ್ರಕ್ಕೆ ಸೋರುತ್ತದೆ. ಇಲ್ಲಿ ಮಿದುಳಿನ ನಾಳ ಕಟ್ಟಿಕೊಂಡು ಲಕ್ವವಾಗುತ್ತದೆ. ಮೂತ್ರಪಿಂಡ ಸೋತಂತೆಲ್ಲ ಉಪ್ಪು, ನೀರು ಮೈಯಲ್ಲೇ ನಿಂತು ಒತ್ತಡ ಮತ್ತೂ ಏರುತ್ತದೆ. ಮೂತ್ರದಲ್ಲಿ ಅಲ್ಬುಮಿನ್ ಕಂಡವರಿಗೆ ಲಕ್ವದ ಭಯ ಹೆಚ್ಚು ಎನ್ನುವುದು ಇದಕ್ಕೇ.

ಕೆಟ್ಟದ್ದೆಂದರೆ, ಮೂತ್ರಪಿಂಡ ಅರ್ಧಕ್ಕರ್ಧ ಸೋತರೂ ನೋವಿಲ್ಲ, ನುಲಿತವಿಲ್ಲ. ನಮ್ಮ ಮಾವ "ತಲೆನೋವೇ ಇಲ್ಲ, ಮತ್ಯಾಕೆ?" ಅಂತ ಬಿ.ಪಿ. ಮಾತ್ರೆ ಬಿಟ್ಟು ಎರಡು ವರ್ಷವಾಗಿತ್ತು. ಸೊಂಟನೋವಿನ ಮಾತ್ರೆಯನ್ನು ಮಾತ್ರ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರು. ಅಂಥ ಎಷ್ಟೋ ಮಾತ್ರೆಗಳು ಮೂತ್ರಪಿಂಡಕ್ಕೆ ಕೆಡುಕು, ಒತ್ತಡವನ್ನೂ ಏರಿಸುತ್ತವೆ. ಅವರ ಹೊಲದ ಮಣ್ಣನ್ನು ಪರೀಕ್ಷೆಗೆ ಕಳಿಸಿ ಚೀಟಿ ತಂದುಕೊಟ್ಟವನು ನಾನೇ. ಮೈಯ ಪರೀಕ್ಷೆ ಆಗಿದೆಯೇ ಎಂದು ಒಂದು ದಿನವೂ ಕೇಳಲಿಲ್ಲ.

ಮೂವತ್ತು ದಾಟಿದವರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡಿಸಿ. ಮತ್ತೆ ಮತ್ತೆ 140/90 ಅಥವಾ ಅದಕ್ಕೆ ಮೇಲೆ ಬಂದರೆ ಹೆಚ್ಚು ಎಂದೇ ಲೆಕ್ಕ. ಬಿ.ಪಿ., ಸಕ್ಕರೆ ಇದ್ದವರು ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್, ರಕ್ತದ ಕ್ರಿಯಾಟಿನಿನ್ ಮಾಡಿಸಬೇಕು. ಡಾಕ್ಟರು ಹೇಳದೆ ಮಾತ್ರೆ ಬಿಡಬೇಡಿ. ತಾಯಂದಿರೇ, ತಲೆಗೊಂದಕ್ಕೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಇದೇ ಲೆಕ್ಕಕ್ಕೆ ಸೇರಿತು. ಇದು ನಮ್ಮ ಮನೆಯಲ್ಲೂ ಜಗಳವಾಗುವ ವಿಷಯ ಬಿಡಿ.

ಬಾಯಿ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಒಂದು ಕಂಡರೂ ಕೂಡಲೇ 108ಕ್ಕೆ ಫೋನು ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾವು ಮೊದಲು ಎಣ್ಣೆ ತಿಕ್ಕಿಸಲು ಪಕ್ಕದೂರಿಗೆ ಕರೆದುಕೊಂಡು ಹೋದೆವು. ಆಸ್ಪತ್ರೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಮಾವ ಈಗ ಕೋಲೂರಿಕೊಂಡು ಕೊಟ್ಟಿಗೆಗೆ ಬರುತ್ತಾರೆ, ಹಾಲು ಅತ್ತೆ ಕರೆಯುತ್ತಾರೆ.