ಎಲೆಯ ರಿಪೋರ್ಟು ಓದುವ ಬಗೆ

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸ)



ಮುಂಬಯಿಯಲ್ಲಿ ನಮ್ಮ ತೋಟವೆಂದರೆ ಕಿಟಕಿ ಗ್ರಿಲ್ಲಿನ ನಾಲ್ಕು ಕುಂಡ, ಸೊಸೈಟಿಯವರು ಒಪ್ಪಿದರೆ ಟೆರೇಸಿನ ಹತ್ತು ಡ್ರಮ್ಮು. ಎಲೆ ಹಳದಿಯಾದರೆ ಸಾಕು, ಇನ್ನೊಂದು ಹಿಡಿ ಗೊಬ್ಬರ ಸುರಿಯುತ್ತೇವೆ. ಕುಂಡದ ಅಷ್ಟು ಮಣ್ಣಿನಲ್ಲಿ ಹೆಚ್ಚಾದ ಗೊಬ್ಬರ ಬೇರನ್ನೇ ಸುಡುತ್ತದೆ.

ನಾಸಿಕ, ಸಾಂಗ್ಲಿ, ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಹೀಗೆ ಮಾಡುವುದಿಲ್ಲ. ಏಪ್ರಿಲ್ ಚಾಟನಿಯಾಗಿ ಸುಮಾರು 45 ದಿನಕ್ಕೆ, ಬುಡದಿಂದ ಐದನೆಯ ಎಲೆಯ ತೊಟ್ಟು ಕಿತ್ತು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಮರಾಠಿಯಲ್ಲಿ ಇದೇ ‘ದೇಠ ಪರೀಕ್ಷಣ’. ಮಣ್ಣಿನ ಪರೀಕ್ಷೆ ಡಬ್ಬಿಯಲ್ಲಿ ಏನಿದೆಯೆಂದು ಹೇಳಿದರೆ, ಇದು ಗಿಡ ಉಂಡದ್ದೆಷ್ಟು ಎಂದು ಹೇಳುತ್ತದೆ.

ಯಾವ ಎಲೆ, ಯಾವ ಹಂತ ಎಂಬುದು ಗೊತ್ತಿಲ್ಲದೆ ಅಂಕಿಗೆ ಅರ್ಥವಿಲ್ಲ. ಟೊಮೆಟೊ ಹೂ ಬಿಡತೊಡಗಿದಾಗ, ಹೊಸದಾಗಿ ಪೂರ್ತಿ ಬಲಿತ ಎಲೆಯಲ್ಲಿ ಸಾರಜನಕ ಸುಮಾರು ಶೇ. 2.8ರಿಂದ 4, ಪೊಟ್ಯಾಷ್ ಶೇ. 2.5ರಿಂದ 4 ಇದ್ದರೆ ಸಾಕು. ಹಣ್ಣು ತುಂಬಿದ ಗಿಡಕ್ಕೆ ಇದೇ ಅಳತೆ ಹಿಡಿಯಬಾರದು. ಕಬ್ಬಿಣ, ಸತುಗಳನ್ನು ಪಿಪಿಎಂನಲ್ಲಿ ಬರೆಯುತ್ತಾರೆ, ಶೇ. 1 ಎಂದರೆ 10,000 ಪಿಪಿಎಂ.

ಇನ್ನೊಂದು ಮಾತು. ಬೆಳವಣಿಗೆ ನಿಂತ ಗಿಡದ ಎಲೆಯಲ್ಲಿ ಪೋಷಕಾಂಶ ದಟ್ಟವಾಗಿ ಕಂಡೀತು, ಸೊಂಪಾಗಿ ಬೆಳೆದದ್ದರಲ್ಲಿ ತೆಳುವಾಗಿ ಕಂಡೀತು. ಅದಕ್ಕೇ ಒಂದು ಒಳ್ಳೆಯ ಗಿಡದ ಎಲೆಯನ್ನೂ ಬೇರೆ ಕಾಗದದ ಚೀಲದಲ್ಲಿ ಕಳಿಸಿ. ಪ್ಲಾಸ್ಟಿಕ್ ಬೇಡ, ನಮ್ಮ ಸೆಕೆಗೆ ಕೊಳೆಯುತ್ತದೆ.

ನಮ್ಮ ಕಟ್ಟಡದ ಒಬ್ಬ ಅಕ್ಕ ಟೊಮೆಟೊ ರಿಪೋರ್ಟು ತಂದಿದ್ದರು. ಚಿಗುರೆಲೆ ಹಳದಿ, ನರ ಮಾತ್ರ ಹಸಿರು: ನೋಡಿದರೆ ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಎಲೆ. ಆದರೆ ರಿಪೋರ್ಟಿನಲ್ಲಿ ಕಬ್ಬಿಣ ‘ಅಧಿಕ’! ಗಿಡವನ್ನೇ ಕಿತ್ತೆಸೆಯಲು ಹೊರಟಿದ್ದರು. ಪಕ್ಕದಲ್ಲೇ ರೀಡೆವಲಪ್‌ಮೆಂಟ್ ಕೆಲಸ ನಡೆಯುತ್ತಿತ್ತು, ಎಲೆಯ ಮೇಲೆಲ್ಲ ಧೂಳು. ಎರಡನೆಯ ಸಲ ಶುದ್ಧ ನೀರಿನಲ್ಲಿ ಬೇಗ ಜಾಲಾಡಿ (ನೆನೆಹಾಕಿದರೆ ಪೊಟ್ಯಾಷ್ ಹೊರಟುಹೋಗುತ್ತದೆ) ಕಳಿಸಿದೆವು. ಕಬ್ಬಿಣ ಅರ್ಧಕ್ಕಿಂತ ಕೆಳಗಿಳಿಯಿತು. ಔಷಧಿ ಸಿಂಪಡಿಸಿದ ಎಲೆಯೂ ಹೀಗೆಯೇ ಸುಳ್ಳು ಹೇಳುತ್ತದೆ.

ಹಾಗೆಂದು ಗೊಬ್ಬರವನ್ನೂ ಹಾಕಲಿಲ್ಲ. ಡ್ರಮ್ಮಿನ ತೂತು ಕಟ್ಟಿ ಮಳೆನೀರು ನಿಂತಿತ್ತು, ಬೇರಿಗೆ ಉಸಿರಿರಲಿಲ್ಲ. ತೂತು ಬಿಡಿಸಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟೆವು. ಎರಡು ವಾರದಲ್ಲಿ ಬಂದ ಚಿಗುರು ಹಸಿರಾಗಿಯೇ ಬಂತು.